ಬರಿದಾದ ಗಣಿಯ ಉಪಯೋಗ

ಉಚ್ಚಿಲದ ಕಡಲತೀರದಲ್ಲಿ ಅಂಗೈ ಚಾಚಿ ಒಂದು ನಿಮಿಷ ನಿಂತಿರುವೆವೆಂದು ಭಾವಿಸೋಣ. ಅಷ್ಟರಲ್ಲಿ ಸುಮಾರು ನೂರು ಮ್ಯೂಆನ್ ಕಣಗಳು ಅದನ್ನು ತೂರಿಕೊಂಡು ಹೋಗಿರುತ್ತವೆ. ವಿಶ್ವಕಿರಣಗಳು ವಾಯುಮಂಡಲದ ಮೇಲಣ ಪದರಗಳಲ್ಲಿ ಪರಮಾಣುಗಳಿಗೆ ಬಡಿದಾಗ ಹುಟ್ಟುವ ಕಣಗಳಿವು. ನಮಗೆ ಇವುಗಳ ಅರಿವೇ ಆಗುವುದಿಲ್ಲ. ಆದರೆ ಪ್ರಕೃತಿಯ ಅತಿ ವಿರಳವಾದ ಘಟನೆಗಳನ್ನು ಅರಸುವ ವಿಜ್ಞಾನಿಗೆ ಇವು ಸಂತೆಯ ಗದ್ದಲವಿದ್ದಂತೆ. ಅದರಿಂದ ಪಾರಾಗಲು ತಲೆಯ ಮೇಲೆ ಸಾಕಷ್ಟು ಬಂಡೆಯನ್ನು ಹೊದ್ದುಕೊಳ್ಳಬೇಕು. ಅಂಥ ಹೊದಿಕೆ ನಮ್ಮ ಕರಾವಳಿಯ ಮುರಕಲ್ಲಿನ ಕೋರೆಗಳಲ್ಲಿ ಸಿಕ್ಕುವಂಥದಲ್ಲ. ಕನ್ನಡನಾಡಿನಲ್ಲಿ ಅದು ದೊರೆತದ್ದು ಮೂರು ಕಿಲೋಮೀಟರಿಗೂ ಮಿಕ್ಕಿ ಆಳವಾಗಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ.

ಹೋಮಿ ಭಾಭಾ ಅವರ ಸಲಹೆಯಂತೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಈ ಗಣಿಗಳೊಳಗೆ ಮ್ಯೂಆನುಗಳನ್ನು ಎಣಿಸತೊಡಗಿದರು. ಆಳಕ್ಕೆ ಇಳಿದಷ್ಟೂ ಎಣಿಕೆಯೂ ಇಳಿಯಿತು. 1960ರ ದಶಕದ ಆರಂಭದಲ್ಲಿ ಸುಮಾರು 2,760 ಮೀಟರು ಆಳದಲ್ಲಿಟ್ಟ ಉಪಕರಣವು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನನ್ನೂ ಕಾಣಲಿಲ್ಲ. ಭೌತವಿಜ್ಞಾನಿಗಳಿಗೆ ಇದಕ್ಕಿಂತ ಸಂತೋಷದ ಸುದ್ದಿ ಇರಲಾರದು. ಇಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ನ್ಯೂಟ್ರಿನೋವನ್ನು ಹಿಡಿಯಬಹುದಲ್ಲವೆ?

ನ್ಯೂಟ್ರಿನೋ ಭೂಗೋಲವನ್ನೇ ತೂರಿ ಹೋಗಬಲ್ಲ ಕಣ. ಅಪರೂಪಕ್ಕೊಮ್ಮೆ ಅದು ಬಂಡೆಯ ಪರಮಾಣುವಿಗೆ ತಾಗಿ ಮ್ಯೂಆನೊಂದನ್ನು ಹುಟ್ಟಿಸುತ್ತದೆ. ಹೀಗೆ ಹುಟ್ಟಿದ ಮ್ಯೂಆನನ್ನು, ಮೇಲಿನಿಂದ ಇಳಿದುಬಂದ ಮ್ಯೂಆನಿನಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ಅದು ಬಂದ ದಿಕ್ಕನ್ನು ನೋಡಬೇಕು. 2.3 ಕಿಲೋಮೀಟರು ಆಳದಲ್ಲಿ ನಿಂತವನ ತಲೆಯ ಮೇಲಿರುವ ಬಂಡೆ ಅಷ್ಟೇ ದಪ್ಪ; ಆದರೆ ಭೂಮಿ ದುಂಡಗಿರುವುದರಿಂದ, ಅಡ್ಡಲಾಗಿ ಹೊರಟರೆ ಬಯಲು ಸಿಕ್ಕುವುದು ಸುಮಾರು 170 ಕಿಲೋಮೀಟರು ಕಳೆದ ಮೇಲೆ. ಅಷ್ಟು ಬಂಡೆಯನ್ನು ದಾಟಿ ವಾಯುಮಂಡಲದ ಮ್ಯೂಆನು ಬರಲಾರದು. ಅಡ್ಡಲಾಗಿ ಬಂದದ್ದು ನ್ಯೂಟ್ರಿನೋವಿನ ಸಂತಾನವೇ ಸರಿ. ಆದುದರಿಂದ ಉಪಕರಣಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ತಂಡವು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಈ ಸುದ್ದಿಯನ್ನು ಪ್ರಕಟಿಸಿದವರಲ್ಲಿ ಜಗತ್ತಿಗೇ ಅವರು ಮೊದಲಿಗರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಬೇಟೆಯಲ್ಲಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡ ಕೆಲವೇ ದಿನ ಹಿಂದಾಯಿತು. 1980ರಿಂದ, ಪ್ರೋಟಾನು ತಾನಾಗಿ ಒಡೆಯುವುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು 140 ಟನ್ನಿನ ಉಪಕರಣವೂ ಅಲ್ಲಿ ಕೆಲಸ ಮಾಡಿತು.

ಇದೆಲ್ಲವೂ ನಡೆದದ್ದು ಗಣಿಯ ಋಣದಲ್ಲಿ. ವಿಜ್ಞಾನಿಗಳನ್ನು ಇಳಿಸುವ ಕೇಜು, ಉಸಿರಾಡಲು ಗಾಳಿ, ನೀರೆತ್ತುವ ಪಂಪು, ಎಲ್ಲವೂ ಚಿನ್ನಕ್ಕಾಗಿ ಇದ್ದವು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. ಪ್ರಯೋಗಾಲಯ ಮೊದಲೇ ಮುಚ್ಚಿತ್ತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರು ಏರಿತು.

ಗಣಿಯ ನೆಲವನ್ನು ಮುಂದೆ ಹೇಗೆ ಬಳಸಬೇಕೆಂಬ ಚರ್ಚೆ ಎದ್ದಾಗಲೆಲ್ಲ ಕಣ್ಣಿಗೆ ಬೀಳುವುದು ಮೇಲಿನ ನೆಲ ಮಾತ್ರ. ಕೆ.ಜಿ.ಎಫ್.ನಲ್ಲಿ ಅದಕ್ಕೆ ಕಾರಣವೂ ಉಂಟು. ಅದಿರನ್ನು ಅರೆದು ಚಿನ್ನ ತೆಗೆದ ಬಳಿಕ ಉಳಿದ ಸುಮಾರು 3.3 ಕೋಟಿ ಟನ್ ಮಣ್ಣು ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಗಳಿಗೆ ಬರುತ್ತದೆ. ಇಂಥ 13 ದಿಬ್ಬಗಳಿಂದ ಅಳಿದುಳಿದ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ದಿಬ್ಬ ಇಪ್ಪತ್ತು ವರ್ಷ ಕಾದೀತು. ಒಳಗಿನ ನೆಲ ಕಾಯದು. ಅದನ್ನು ಹೊಲದಂತೆ ಬೀಳುಬಿಡಲು ಬರುವುದಿಲ್ಲ: ಪಂಪು ನಿಂತರೆ ನೀರು ತುಂಬುತ್ತದೆ, ಆಸರೆಗಳು ಕೊಳೆಯುತ್ತವೆ, ಬಂಡೆ ಕಳಚುತ್ತದೆ. ಅದನ್ನು ಉಳಿಸುವ ಮಾತು ಪಂಪು ನಿಲ್ಲುವ ಮೊದಲೇ ಆಗಬೇಕು.

ಅಮೆರಿಕದ ದಕ್ಷಿಣ ಡಕೋಟಾದಲ್ಲಿರುವ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ಈ ಪೆಟ್ಟನ್ನು ತಿಂದಿತು. ಅಲ್ಲಿ ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಿದ ರೇಮಂಡ್ ಡೇವಿಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 2002ರಲ್ಲಿ. ಗಣಿ ಮುಚ್ಚಿದ್ದೂ ಅದೇ ವರ್ಷ. 2003ರಲ್ಲಿ ಪಂಪು ನಿಲ್ಲಿಸಿದರು. ಆದರೆ 2006ರಲ್ಲಿ ರಾಜ್ಯವು ಗಣಿಯನ್ನು ದಾನವಾಗಿ ಪಡೆದು, 2008ರಲ್ಲಿ ನೀರೆತ್ತಲು ತೊಡಗಿತು. ಅವರು ಇಡೀ ಗಣಿಯನ್ನು ಉಳಿಸಲು ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ತಳವನ್ನು ನೀರಿಗೆ ಬಿಟ್ಟು, 1,480 ಮೀಟರು ಆಳದ ಹಂತದಲ್ಲಿ ಪ್ರಯೋಗಾಲಯ ಮಾಡಿಕೊಂಡರು.

ಕೋಲಾರದಲ್ಲಿ ಕೆಲಸ ಇಷ್ಟು ಸುಲಭವಾಗುತ್ತಿರಲಿಲ್ಲ. ಅಲ್ಲಿಯ ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಒತ್ತಡಕ್ಕೆ ಬಂಡೆ ಸಿಡಿದು ಗಣಿಗಾರರು ಸತ್ತುದುಂಟು. ಆದರೂ ಒಂದು ಶಾಫ್ಟು, ಒಂದು ಹಂತ, ಅವಕ್ಕೆ ಬೇಕಾದಷ್ಟು ಪಂಪು, ಅವನ್ನು ನಡೆಸಬಲ್ಲ ಕೆಲಸಗಾರರು: ಇಷ್ಟರ ಲೆಕ್ಕವನ್ನಾದರೂ ಹಾಕಬಹುದಾಗಿತ್ತೆಂದು ನಮಗೆ ತೋರುತ್ತದೆ. ತಲೆಮಾರುಗಳಿಂದ ಆ ಕೆಲಸವನ್ನು ಬಲ್ಲ ಊರಿನ ಸಾವಿರಾರು ಜನ ಇಂದು ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನ್ಯೂಟ್ರಿನೋ ಸಂಶೋಧನೆಗೆಂದೇ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟವೊಂದರಲ್ಲಿ ಹೊಸ ಸುರಂಗ ಕೊರೆಯಲು 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿತಾದರೂ, ಅಲ್ಲಿಯ ಜನರ ಮತ್ತು ರಾಜ್ಯದ ವಿರೋಧದಿಂದ ಕೆಲಸ ಮುಂದುವರಿಯಲಿಲ್ಲ.

ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಬರೆದು ಒಪ್ಪಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೋಲಾರದ ಗಣಿಗಳು ಮುಚ್ಚಿ ಆಗಲೇ ಎರಡು ವರ್ಷ ಕಳೆದಿತ್ತು. ಜಾರ್ಖಂಡದ ಜಾದುಗುಡಾ ಯುರೇನಿಯಂ ಗಣಿಯಲ್ಲಿ, 555 ಮೀಟರು ಆಳದಲ್ಲಿ, 2017ರಲ್ಲಿ ಚಿಕ್ಕ ಭೂಗರ್ಭ ಪ್ರಯೋಗಾಲಯವೊಂದನ್ನು ತೆರೆದರು. ಅದಿರು ಮುಗಿದ ದಿನ ಅಲ್ಲಿಯ ಪಂಪುಗಳನ್ನು ಯಾರು ನಡೆಸುವರೆಂಬುದನ್ನು ಈಗಲೇ ಕೇಳಬಹುದು.