ಪಾಯ ತೆಗೆದರೆ ಹಗೇವು!

ಅಥಣಿ ತಾಲ್ಲೂಕಿನ ಹಳ್ಳಿಯೊಂದರ ಹಳೇ ಓಣಿ. ಜೆಸಿಬಿ ಎರೆಮಣ್ಣು ಎತ್ತುತ್ತಿದ್ದಂತೆ ಚಪ್ಪಡಿಕಲ್ಲೊಂದು ಕಂಡಿತು. ಸರಿಸಿ ನೋಡಿದರೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಕಗ್ಗತ್ತಲು. ‘ಹಗೇವು ಐತ್ರಿ, ಯಾರೂ ಇಳೀಬ್ಯಾಡ್ರಿ!’ ಎಂದು ಗವಂಡಿ ಕೂಗಿದರು. ಹೊಸ ಮನೆಯ ಪಿಲ್ಲರ್‌ಗೆ ಸುಣ್ಣದ ಗುರುತು ಬಿದ್ದಿದ್ದು ಸರಿಯಾಗಿ ಅದರ ನೆತ್ತಿಯ ಮೇಲೆ.

ಹಗೇವಿನ ಬಗ್ಗೆ ಕೇಳಿ ಬೆಳೆದವರು ಬಹಳ ಮಂದಿ, ಬಾಯಿ ತೆರೆದ ಹಗೇವನ್ನು ಕಂಡವರು ಈಗ ಕಡಿಮೆ. ಅದಕ್ಕೇ ನಾನು ಅಲ್ಲಿಂದ ಕದಲಲಿಲ್ಲ. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಬರಗಾಲಕ್ಕೆ ಅದೇ ಆಸರೆ. ಹಾಗೆ ಮುಚ್ಚಿಟ್ಟಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಗಾಳಿಯಾಡಲು ಬಿಡದೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಗವಂಡಿ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟರು. ಅರ್ಧ ದಾರಿಗೇ ದೀಪ ಸಣ್ಣಗಾಗಿ ಆರಿತು. ‘ನಮ್ಮ ಮಾವನವರ ಕಾಲಕ್ಕ ಮುಚ್ಚಿದ್ದಪ್ಪಾ, ಎಲ್ಲಿ ಅನ್ನೋದ ಮರತಿತ್ತು’ ಎಂದರು ಮನೆಯ ಅಜ್ಜಿ. ಗೋಡೆಗೆ ಅಂಟಿದ್ದ ಹುಲ್ಲಿನ ಗೆರೆಗಳು ಟಾರ್ಚಿನ ಬೆಳಕಿಗೆ ಇನ್ನೂ ಕಾಣುತ್ತಿದ್ದವು.

ಈ ಸೀಮೆಯ ನೆಲದಡಿಯ ಸಂಗತಿಗಳೇ ಹಾಗೆ. ಕಾಗವಾಡದ ಬಸದಿಯ ನೆಲಮನೆಯಲ್ಲಿ ಜೈನರ ಯಾಪನೀಯ ಸಂಘದ ಮುನಿಗಳನ್ನು ಹೆಸರಿಸುವ 1394ರ ಶಾಸನವಿದೆ. ಪಾಯ ತೆಗೆಯುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಹಗೇವು ಸಿಕ್ಕರೆ?

ಅಲ್ಲಿಗೆ ಕಾಗದಪತ್ರ ಮೌನ. ಹಳ್ಳಿಯಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಪರವಾನಗಿ ಬೇಕು. ಪಟ್ಟಣದಲ್ಲಾದರೆ ನಗರಸಭೆ ಇಲ್ಲವೇ ಪುರಸಭೆಯದು. ಹೊಲವಾಗಿದ್ದರೆ ಮೊದಲು ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಎನ್.ಎ. (ಕೃಷಿಯೇತರ) ಆಗಬೇಕು. ಹಗೇವು ಸಿಕ್ಕ ಮನೆಯ ಇ-ಸ್ವತ್ತು ಉತಾರ, ನಕ್ಷೆ ಎಲ್ಲ ಸರಿಯಿತ್ತು. ಆದರೆ ಆ ಮನೆಯ ನಕ್ಷೆಯಲ್ಲಿ ಮೆಟ್ಟಿಲು, ಮೋರಿ, ಬಿಡಬೇಕಾದ ಜಾಗ ಇದ್ದವೇ ಹೊರತು ನೆಲದಡಿಯದು ಒಂದು ಗೆರೆಯೂ ಇರಲಿಲ್ಲ. ಪಾಯದ ಆಳವನ್ನು ಎಲ್ಲ ಮನೆಗೂ ಒಂದೇ ಎಂಬಂತೆ ಬರೆಯುವ ನಕ್ಷೆಗಳ ಮೇಲೆ ನನಗೆ ನಂಬಿಕೆ ಇಲ್ಲ. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮುರುಮು ಸಿಗುವವರೆಗೂ ಅಗೆಯಲೇಬೇಕು. ತಗ್ಗು ಒಂದೂವರೆ ಮೀಟರ್ ದಾಟಿದರೆ ಅಂಚು ಕುಸಿಯದಂತೆ ಆಧಾರ ಕೊಡಬೇಕೆಂಬುದು ಸುರಕ್ಷತೆಯ ನಿಯಮ. ಇಕ್ಕಟ್ಟು ಓಣಿಯಲ್ಲಿ ಪಕ್ಕದ ಮನೆಯ ಮಣ್ಣಿನ ಗೋಡೆ ನಿಂತಿರುವುದೂ ಅದೇ ಅಂಚಿನ ಮೇಲೆ. ಹಳೇ ಓಣಿಯ ಅರ್ಜಿಯಲ್ಲಿ ‘ಜಾಗದಲ್ಲಿ ಹಗೇವು, ಹಳೇ ಬಾವಿ ಇದೆಯೇ?’ ಎಂಬ ಒಂದು ಪ್ರಶ್ನೆ ಸೇರಿಸಲು ಪಂಚಾಯಿತಿಗೆ ಖರ್ಚೇನೂ ಇಲ್ಲ.

ಅಗೆದ ಮಣ್ಣಿನ ಕತೆ ಬೇರೆ. ಕಟ್ಟಡ, ರಸ್ತೆಗಳಿಗೆ ತುಂಬಲು, ಸಮ ಮಾಡಲು ಬಳಸುವ ಸಾಮಾನ್ಯ ಮಣ್ಣನ್ನೂ ಕೇಂದ್ರ ಸರ್ಕಾರ 2000ದ ಫೆಬ್ರುವರಿ 3ರಂದು ಉಪಖನಿಜವೆಂದು ಸಾರಿತು. ಹಾಗಾದರೆ ನಮ್ಮ ಪಾಯದ ಮಣ್ಣಿಗೂ ರಾಜಧನವೇ? ಪುಣೆಯ ಬಿಲ್ಡರ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದಿಷ್ಟು: ಪಾಯಕ್ಕೆ ಅಗೆದ ಮಾತ್ರಕ್ಕೆ ಶುಲ್ಕ ತಾನಾಗಿ ಬೀಳದು, ಆ ಮಣ್ಣನ್ನು ಯಾವುದಕ್ಕೆ ಬಳಸಿದರು ಎಂಬುದನ್ನು ನೋಡಬೇಕು. ಮನೆ ಕಟ್ಟುವವರು ತಿಳಿದಿರಬೇಕಾದ ತೀರ್ಪು ಇದು.

ತೊಡಕು ಹೊರಗಿನಿಂದ ತರಿಸುವ ಮುರುಮಿನದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಮನೆಗಳಿಗೆ ನುಗ್ಗಿದ ಮೇಲೆ ಹೊಳೆಸಾಲಿನಲ್ಲಿ ಜಾಗ ಎತ್ತರಿಸದೆ ಮನೆ ಕಟ್ಟಲು ಜನರಿಗೆ ಧೈರ್ಯವಿಲ್ಲ. ಮೂವತ್ತು-ನಲವತ್ತರ ಸೈಟನ್ನು ಮೂರಡಿ ಏರಿಸಲು 3,600 ಘನ ಅಡಿ, ಅಂದರೆ 36 ಬ್ರಾಸ್ ಮುರುಮು ಬೇಕು. ಅನುಮತಿಯಿಲ್ಲದೆ ಸಾಗಿಸಿದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಟ್ರ್ಯಾಕ್ಟರ್ ಜಪ್ತಿಯಾಗಬಹುದು. ಮುರುಮು ತರಲು ಹೇಳುವ ಮೊದಲೇ ಸಾಗಣೆ ಪರವಾನಗಿ ಇದೆಯೇ ಎಂದು ಟ್ರ್ಯಾಕ್ಟರಿನವರನ್ನು ಕೇಳಿ. ಇದ್ದರೆ ಪ್ರತಿ ಟ್ರಿಪ್ಪಿನ ಚೀಟಿಯನ್ನೂ ಮನೆಯ ಉತಾರದ ಜೊತೆಗೇ ಇಟ್ಟುಕೊಳ್ಳಿ. ಏರಿಸುವಾಗ ಮಳೆನೀರು ನೆರೆಮನೆಯ ಹೊಸ್ತಿಲಿಗೆ ತಿರುಗದಂತೆ ಮೋರಿಯ ಮಟ್ಟವನ್ನು ಮೊದಲೇ ಗವಂಡಿಯಿಂದ ಗುರುತು ಹಾಕಿಸಿ.