ಗದ್ದೆಯ ಪಾಚಿ, ಬಾಟಲಿಯ ಪಾಚಿ

ಮದ್ದೂರು ಕಡೆಯ ಒಂದು ಸಂಘದ ಸಭೆಯಲ್ಲಿ ಅಕ್ಕ ಒಬ್ಬರು ಒಂದು ಬಾಟಲಿ ತಂದು ನನ್ನ ಮುಂದೆ ಇಟ್ಟರು. "ಸಿಸ್ಟರ್, ಸಮುದ್ರದ ಪಾಚಿ ರಸವಂತೆ. ಇದ ಹೊಡುದ್ರೆ ಯೂರಿಯಾನೇ ಬ್ಯಾಡ ಅಂದ್ರು" ಎಂದರು. ಸಂಘದ ಸಾಲದ ಹಣದಲ್ಲಿ ಅಂಥ ಮೂರು ಬಾಟಲಿ ಕೊಂಡಿದ್ದರು, ಬಿಲ್ ಇರಲಿಲ್ಲ. ಗೊಬ್ಬರ ಬಿಟ್ಟು ಅದನ್ನೇ ಹೊಡೆದು ಭತ್ತವೆಲ್ಲ ಹಳದಿಗೆ ತಿರುಗಿತ್ತು. ಇನ್ನೂ ಯಾರೂ ಹೀಗೆ ಕೈ ಸುಟ್ಟುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸಮುದ್ರ ಪಾಚಿಯ ರಸ ಮೋಸದ ವಸ್ತುವಲ್ಲ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ನಮ್ಮಂತೆಯೇ ಸಂಘ ಕಟ್ಟಿಕೊಂಡ ಹೆಂಗಸರು ಬಿದಿರಿನ ತೆಪ್ಪಗಳ ಮೇಲೆ ಕಪ್ಪಾಫೈಕಸ್ ಎಂಬ ಪಾಚಿ ಬೆಳೆಸುತ್ತಾರೆ. ಅದನ್ನು ಹಿಂಡಿದ ರಸದಲ್ಲಿ ಪೊಟ್ಯಾಷ್, ಬೆಳವಣಿಗೆಯ ಚೋದಕಗಳು ಇರುತ್ತವೆ. ಆದರೆ ಸಾರಜನಕ ತೀರಾ ಕಡಿಮೆ. ಅದು ಟಾನಿಕ್ ಇದ್ದ ಹಾಗೆ, ಊಟದ ಬದಲಿಗೆ ಆಗುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇಂಥವನ್ನು 'ಜೈವಿಕ ಉತ್ತೇಜಕ'ಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದೆ. ಬಿಲ್ ಕೊಡದವರ ಹತ್ತಿರ ಕೊಳ್ಳಲೇಬೇಡಿ.

ನಿಜವಾಗಿ ಸಾರಜನಕ ಕೊಡುವ ಪಾಚಿ ಬೇರೆ, ಅದು ನಮ್ಮ ಗದ್ದೆಯಲ್ಲೇ ಇದೆ. ಅದೇ ನೀಲಿ-ಹಸಿರು ಪಾಚಿ. ಕೂದಲಿನಂತೆ ಎಳೆಎಳೆಯಾಗಿ ತೇಲಿ ಪೈರಿಗೆ ಸುತ್ತಿಕೊಳ್ಳುವ ಹಸಿರು ಪಾಚಿ ಇದಲ್ಲ, ಅದು ಬರೀ ಕಾಟ. ಇದು ಕಡು ಬಣ್ಣದ ಪೊರೆಯಂತೆ, ಕೆಲವು ಸಲ ಲೋಳೆ ಗಂಟಿನಂತೆ ಕಾಣುತ್ತದೆ. ಇದರ ಕೆಲವು ವಿಶೇಷ ಕೋಶಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ; ಪಾಚಿ ಸತ್ತು ಕೊಳೆತಾಗ ಅದು ಪೈರಿಗೆ ಸಿಗುತ್ತದೆ. ನಮ್ಮ ದೇಶದ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ಭತ್ತದ ಗದ್ದೆಯಲ್ಲಿ ಇದನ್ನು ತೋರಿಸಿಕೊಟ್ಟರು. ನಾಲೆ ಬಯಲಿನಲ್ಲಿ ನೀರು ನಿಂತು ಚೌಳಾದ ಜಮೀನಿನವರೂ ಕೇಳಿಸಿಕೊಳ್ಳಿ: ಚೌಳು ನೆಲ ಸುಧಾರಣೆಗೆ ಈ ಪಾಚಿ ಸಹಾಯವಾಗುತ್ತದೆಂದು ಬನಾರಸಿನ ಆರ್.ಎನ್. ಸಿಂಗ್ 1950ರಲ್ಲಿ ಬರೆದರು. ಆದರೆ ಬಸಿಗಾಲುವೆ ತೆಗೆಯದೆ ಬರೀ ಪಾಚಿಯಿಂದ ಚೌಳು ಹೋಗುವುದಿಲ್ಲ.

ಲೆಕ್ಕ ನೋಡೋಣ. ಚೆನ್ನಾಗಿ ಹತ್ತಿಕೊಂಡರೆ ಎಕರೆಗೆ 8ರಿಂದ 12 ಕಿಲೋ ಸಾರಜನಕ ಸಿಗುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕಿಲೋ. ಅಂದರೆ ಅರ್ಧ ಚೀಲ ಉಳಿತಾಯ, ಅಷ್ಟೇ. ಪೂರ್ತಿ ಯೂರಿಯಾ ಬಿಡಿ ಎಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಒಂದು ಮಡಿಯಲ್ಲಿ ಮಾತ್ರ ಕಡಿಮೆ ಮಾಡಿ ನೋಡಿ. ಯೂರಿಯಾ ಜಾಸ್ತಿ ಸುರಿದರೆ ಈ ಪಾಚಿ ಕೆಲಸ ನಿಲ್ಲಿಸಿಬಿಡುತ್ತದೆ, ಅದೂ ನೆನಪಿರಲಿ.

ಇದನ್ನು ಮನೆಯಂಗಳದಲ್ಲೇ ಬೆಳೆಸಬಹುದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಮುಕ್ಕಾಲು ಅಡಿ ಆಳದ ಗುಂಡಿ ತೆಗೆದು ಪ್ಲಾಸ್ಟಿಕ್ ಹಾಳೆ ಹಾಸಿ. ಹತ್ತು ಕಿಲೋ ಜರಡಿ ಹಿಡಿದ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ, ಮೂರು ನಾಲ್ಕು ಇಂಚು ನೀರು ನಿಲ್ಲಿಸಿ ಕಲಕಿ. ಮಣ್ಣು ತಳ ಸೇರಿ ನೀರು ತಿಳಿಯಾದ ಮೇಲೆ ಮೂಲ ಪಾಚಿ ಉದುರಿಸಿ. ಅದಕ್ಕೆ ರೈತ ಸಂಪರ್ಕ ಕೇಂದ್ರ ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿ ವಿಚಾರಿಸಿ. ಬಿಸಿಲು ಚೆನ್ನಾಗಿ ಬೀಳಬೇಕು. ಸೊಳ್ಳೆ ಮೊಟ್ಟೆ ಇಡದಂತೆ ಹಳೇ ಸೊಳ್ಳೆಪರದೆ ಹೊದಿಸಿ. ಗೊಬ್ಬರ ಮಾಡಲು ಹೋಗಿ ಊರಿಗೆ ಡೆಂಗೆ ತರುವುದು ಬೇಡ! ಒಂದೆರಡು ವಾರದಲ್ಲಿ ಪೊರೆ ದಪ್ಪಗಾಗುತ್ತದೆ. ನೀರು ಇಂಗಲು ಬಿಟ್ಟರೆ ಹಪ್ಪಳದಂತೆ ಒಣಗಿ ಏಳುತ್ತದೆ. ಅದನ್ನು ಕೆರೆದು, ಒಣಗಿಸಿ ಚೀಲದಲ್ಲಿಡಿ.

ನಾಟಿಯಾದ ಹತ್ತು ದಿನಕ್ಕೆ ಎಕರೆಗೆ 4 ಕಿಲೋ ಪಾಚಿ ಪುಡಿಯನ್ನು ಒಣ ಮಣ್ಣಿನ ಜೊತೆ ಬೆರೆಸಿ, ನಿಂತ ನೀರಿಗೆ ಎರಚಿ. ಹತ್ತು ಹದಿನೈದು ದಿನ ನೀರು ಬತ್ತಬಾರದು. ಹಾಗಾಗಿ ನಾಲೆಯ ಕೊನೆಯಲ್ಲಿ ನೀರು ಹತ್ತದ ಮಳವಳ್ಳಿ ಕಡೆಯ ಗದ್ದೆಗಳಿಗೆ, ರಾಗಿ ಹೊಲಕ್ಕೆ, ಕಬ್ಬಿಗೆ ಇದು ಒಗ್ಗುವುದಿಲ್ಲ. ಅಲ್ಲಿಗೆ ಕೊಟ್ಟಿಗೆ ಗೊಬ್ಬರವೇ ಸರಿ, ಕಬ್ಬಿನ ತರಗನ್ನೂ ಸುಡಬೇಡಿ.

ಆ ಅಕ್ಕನ ಹತ್ತಿರ ಒಂದು ಬಾಟಲಿ ಇನ್ನೂ ಉಳಿದಿತ್ತು. ಯೂರಿಯಾ ಕೊಟ್ಟು ಪೈರು ಹಸಿರಾದ ಮೇಲೆ ಅದನ್ನೂ ಹೊಡೆದರಂತೆ. ಈ ಬೇಸಿಗೆಯಲ್ಲಿ ಅವರದೇ ಅಂಗಳದಲ್ಲಿ ಮೊದಲ ಗುಂಡಿ ತೆಗೆಯುವುದೆಂದು ಸಂಘದವರು ಪುಸ್ತಕದಲ್ಲಿ ಬರೆದಿದ್ದಾರೆ.