ನಾಯಿಗೂ ವೀಸಾ ಬೇಕಾ? ಯಲಹಂಕದಿಂದ ಮ್ಯೂನಿಕ್‌ಗೆ ಪುಟ್ಟನ ಪ್ರಯಾಣದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಲ ಮಾತಿನ ಮಧ್ಯೆ, ನಮ್ಮ ನಾಯಿನ ಜರ್ಮನಿಗೆ ಕರ್ಕೊಂಡು ಹೋಗಿದ್ದೆ ಅಂತ ಸುಮ್ಮನೆ ಒಂದು ಮಾತು ಹೇಳಿದ್ದೆ. ಅದಾದ ಮೇಲೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆನೇ. ಎಷ್ಟಾಯ್ತು, ಹೇಗೆ ಬಿಟ್ರು, ನಾಯಿಗೂ ವೀಸಾ ಬೇಕಾ? ಹಾಗಾಗಿ ಇವತ್ತು ಪೂರ್ತಿ ಅದೇ ವಿಷಯ. ನಾನು ಮಾಡಿದ ತಪ್ಪನ್ನೂ ಸೇರಿಸಿ ಹೇಳ್ತೀನಿ.

ಮೊದಲು ಹಿನ್ನೆಲೆ. ನಮ್ಮ ಮನೆ ಯಲಹಂಕ ನ್ಯೂಟೌನ್‌ನಲ್ಲಿ. ಮನೇಲಿ ನಾನು, ಅಮ್ಮ, ಮತ್ತೆ ಪುಟ್ಟ. ಪುಟ್ಟ ಅಂದ್ರೆ ಆರು ಕೆಜಿಯ ಡ್ಯಾಶ್‌ಹಂಡ್, ಒಂಬತ್ತು ವರ್ಷ. ಅಪ್ಪ ಹೋದ ಮೇಲೆ ಅಮ್ಮ ಮಧ್ಯಾಹ್ನ ಮಾತಾಡೋದು ಅವನ ಹತ್ತಿರಾನೇ. ಅಕ್ಕ ಇರೋದು ಮ್ಯೂನಿಕ್‌ನಲ್ಲಿ, ಅಕ್ಟೋಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಷೆಂಗೆನ್ ಪ್ರವಾಸಿ ವೀಸಾದಲ್ಲಿ ಇರೋಕೆ ಬಿಡೋದು ಹೆಚ್ಚಂದ್ರೆ 90 ದಿನ. ಅಮ್ಮ ಹೇಳಿದ್ದು ಒಂದೇ ಮಾತು: "ಮೂರು ತಿಂಗಳು ಇವನನ್ನ ಬಿಟ್ಟು ಹೇಗಿರಲಿ ಕಣೋ?"

ಸರಿ, ಮೂರೂ ಜನ ಒಟ್ಟಿಗೆ ಹೋಗೋಣ ಅಂದೆ. ಅಲ್ಲಿಂದ ಶುರು.

ನಾಯಿಯ ಕ್ಯಾಲೆಂಡರ್

ನಾಯಿಗೆ ವೀಸಾ ಅಂತ ಏನೂ ಇಲ್ಲ. ಆದ್ರೆ ತಾರೀಖುಗಳಿವೆ, ಅದು ವೀಸಾಗಿಂತ ಕಟ್ಟುನಿಟ್ಟು. ಭಾರತದಿಂದ ಜರ್ಮನಿಗೆ ನಾಯಿ ಹೋಗಬೇಕಾದ್ರೆ ಹೆಜ್ಜೆಗಳು ಇವೇ, ಕ್ರಮವೂ ಇದೇ.

ಒಂದು, ಮೈಕ್ರೋಚಿಪ್. ಅಕ್ಕಿಕಾಳಿನಷ್ಟಿರುವ ಇದನ್ನು ಚರ್ಮದ ಕೆಳಗೆ ಹಾಕ್ತಾರೆ. ಅದರಲ್ಲಿರೋದು ಒಂದು ನಂಬರ್ ಮಾತ್ರ. ಐಎಸ್‌ಒ ಮಾನದಂಡದ 15 ಅಂಕಿ. ಎರಡು, ಚಿಪ್ ಹಾಕಿದ ಮೇಲೆ ರೇಬೀಸ್ ಲಸಿಕೆ. ಅದೇ ದಿನ ಆದ್ರೂ ಸರಿ, ಆದ್ರೆ ಚಿಪ್‌ಗಿಂತ ಮೊದಲು ಅಲ್ಲ. ಮೂರು, ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಸಿ, ಯುರೋಪಿಯನ್ ಯೂನಿಯನ್ ಮಾನ್ಯ ಮಾಡಿದ ಲ್ಯಾಬ್‌ಗೆ ಕಳಿಸಬೇಕು. ರೇಬೀಸ್ ಪ್ರತಿಕಾಯ ಒಂದು ಮಿಲಿಲೀಟರ್‌ಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ನಾಲ್ಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ. ಐದು, ಹೊರಡುವ ಮುಂಚೆ ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಇಲಾಖೆ, ಅಂದ್ರೆ ಎಕ್ಯೂಸಿಎಸ್‌ನ ಸರ್ಟಿಫಿಕೇಟ್. ಯುರೋಪಿನ ಆರೋಗ್ಯ ಪ್ರಮಾಣಪತ್ರ ಸಹಿಯಾದ ಮೇಲೆ 10 ದಿನದೊಳಗೆ ಅಲ್ಲಿಗೆ ಕಾಲಿಡಬೇಕು.

ಎಲ್ಲಾ ಕೂಡಿಸಿ ನೋಡಿ. ಒಂದು ದಿನವೂ ವ್ಯರ್ಥವಾಗದಿದ್ರೂ ನಾಲ್ಕು ತಿಂಗಳು. ಆರು ತಿಂಗಳು ಇಟ್ಕೊಳ್ಳಿ.

ನಾನು ಎಡವಿದ್ದು

ನಾನು ಬಿ.ಕಾಂ. ಮಾಡಿದವನು, ಎಕ್ಸೆಲ್ ಶೀಟ್ ಹಾಕಿದೆ. ಮಾರ್ಚ್‌ನಲ್ಲಿ ಲಸಿಕೆ, ಏಪ್ರಿಲ್‌ನಲ್ಲಿ ರಕ್ತ, ಜುಲೈಗೆ ಮೂರು ತಿಂಗಳು ಮುಗೀತು. ಸೆಪ್ಟೆಂಬರ್ ಕೊನೆಗೆ ಅಮ್ಮನ ಜೊತೆಗೇ ಹಾರೋದು. ಲ್ಯಾಬ್ ರಿಪೋರ್ಟೂ ಚೆನ್ನಾಗಿ ಬಂತು.

ಆಗಸ್ಟ್‌ನಲ್ಲಿ ಕಾಗದ ಎಲ್ಲಾ ಜೋಡಿಸಿ ಒಬ್ಬ ಪರಿಚಯದ ಪಶುವೈದ್ಯರಿಗೆ ತೋರಿಸಿದೆ. ಅವರು ಎರಡು ತಾರೀಖಿನ ಮೇಲೆ ಬೆರಳಿಟ್ಟು ಸುಮ್ಮನಾದ್ರು. ಲಸಿಕೆ ಮಾರ್ಚ್‌ನದು, ಚಿಪ್ ಏಪ್ರಿಲ್‌ನದು. ಕ್ಲಿನಿಕ್‌ನಲ್ಲಿ ಮಾರ್ಚ್‌ನಲ್ಲಿ ಚಿಪ್ ಸ್ಟಾಕ್ ಇರಲಿಲ್ಲ, "ರಕ್ತ ತೆಗೆಯೋವಾಗ ಹಾಕೋಣ, ಏನೂ ತೊಂದ್ರೆ ಇಲ್ಲ" ಅಂದಿದ್ರು. ನಾನೂ ತಲೆಯಾಡಿಸಿದ್ದೆ.

ಯಾಕೆ ತೊಂದ್ರೆ ಅಂದ್ರೆ, ಚಿಪ್ ಇಲ್ಲದ ನಾಯಿಗೆ ಗುರುತೇ ಇಲ್ಲ. ಮಾರ್ಚ್‌ನಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿ ಇದೇ ಅಂತ ಕಾಗದ ಹೇಳೋಕಾಗಲ್ಲ. ಲಸಿಕೆ ಲೆಕ್ಕಕ್ಕಿಲ್ಲ ಅಂದ್ರೆ ರಕ್ತಪರೀಕ್ಷೆಯೂ ಲೆಕ್ಕಕ್ಕಿಲ್ಲ. ಮತ್ತೆ ಮೊದಲಿಂದ. ಆಗಸ್ಟ್ 12ಕ್ಕೆ ಲಸಿಕೆ, ಸೆಪ್ಟೆಂಬರ್ 13ಕ್ಕೆ ರಕ್ತ, ಡಿಸೆಂಬರ್ ಮಧ್ಯದವರೆಗೆ ಕಾಯೋದು.

ಸೆಪ್ಟೆಂಬರ್ 28ಕ್ಕೆ ಅಮ್ಮ ಒಬ್ಬರೇ ಹೋದ್ರು. ಪುಟ್ಟ ಎರಡು ದಿನ ಊಟ ಮುಟ್ಟಲಿಲ್ಲ, ಮೂರನೇ ದಿನ ಅಮ್ಮನ ಹಳೇ ಸೀರೆ ಹಾಸಿಕೊಟ್ಟ ಮೇಲೆ ಮೊಸರನ್ನ ತಿಂದ.

ಮೂರು ತಿಂಗಳು ಯಾಕೆ?

ಆಗ ನನಗೆ ಸಿಟ್ಟು ಬಂದಿದ್ದು ನಿಜ. ಆರೋಗ್ಯವಾಗಿರೋ ನಾಯಿ, ರಿಪೋರ್ಟ್ ಪಾಸಾಗಿದೆ, ಇನ್ನೂ ಯಾಕೆ ಕಾಯಿಸ್ತಾರೆ? ಓದ್ತಾ ಹೋದಾಗ ಅರ್ಥ ಆಯ್ತು. ರೇಬೀಸ್ ವೈರಸ್ ಒಳಗೆ ಸೇರಿದ ಮೇಲೆ ಲಕ್ಷಣ ಕಾಣೋಕೆ ವಾರಗಳು, ತಿಂಗಳುಗಳು ಹಿಡಿಯುತ್ತೆ. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ಅದು ಬಹುತೇಕ ಆ ಮೂರು ತಿಂಗಳೊಳಗೆ ಹೊರಬೀಳುತ್ತೆ. ಲಕ್ಷಣ ಕಂಡ ಮೇಲೆ ಚಿಕಿತ್ಸೆ ಇಲ್ಲ. ಅದಕ್ಕೇ ಕಾಯಿಸೋದು.

ಜರ್ಮನಿ 2008ರಲ್ಲಿ ರೇಬೀಸ್ ಮುಕ್ತ ಅಂತ ಘೋಷಣೆ ಆದ ದೇಶ. ಅಲ್ಲಿ ರೋಗ ಇದ್ದದ್ದು ಹೆಚ್ಚಾಗಿ ಕಾಡಿನ ನರಿಗಳಲ್ಲಿ. ಲಸಿಕೆ ತುಂಬಿದ ತಿಂಡಿಯ ತುಣುಕುಗಳನ್ನ ವರ್ಷಗಟ್ಟಲೆ ಕಾಡುಗಳಲ್ಲಿ ಹರಡಿ ನಿಲ್ಲಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ನಮ್ಮ ದೇಶದಲ್ಲಿ. ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ಕೊನೆಗಾಣಿಸೋದು ನಮ್ಮ ಸರ್ಕಾರದ ಗುರಿ. ಇನ್ನೊಂದು ವಿಷಯ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಗುರುತಿಸಿರುವ ರೇಬೀಸ್ ರೆಫರೆನ್ಸ್ ಲ್ಯಾಬ್ ಇರೋದು ನಮ್ಮ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲೇ. ಏರ್‌ಪೋರ್ಟ್‌ಗೆ ಹೋಗ್ತಾ ಬರ್ತಾ ಹೆಬ್ಬಾಳದ ಟ್ರಾಫಿಕ್‌ಗೆ ಬೈಕೊಂಡು ದಾಟ್ತೀವಲ್ಲ, ಅಲ್ಲೇ.

ವಿಮಾನದಲ್ಲಿ, ಊರಿನಲ್ಲಿ

ಕ್ಯಾಬಿನ್‌ನಲ್ಲಿ ನಾಯಿ ಬಿಡೋ ಯುರೋಪಿನ ಹಲವು ಏರ್‌ಲೈನ್‌ಗಳಲ್ಲಿ ಬ್ಯಾಗೂ ಸೇರಿ 8 ಕೆಜಿ ಮಿತಿ. ಪುಟ್ಟ ಆರು, ಬ್ಯಾಗ್ ಒಂದೂಕಾಲು. ಸೀಟ್ ಬುಕ್ ಮಾಡಿದ್ರೆ ನಾಯಿಗೂ ಜಾಗ ಸಿಕ್ಕಿತು ಅಂತಲ್ಲ. ಒಂದು ವಿಮಾನಕ್ಕೆ ಕೆಲವೇ ಪ್ರಾಣಿಗಳು. ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಪಗ್ ತರದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟದ ಕಷ್ಟ ಇರೋದ್ರಿಂದ ಕಾರ್ಗೋದಲ್ಲಿ ಅನೇಕರು ಒಪ್ಪಲ್ಲ. ನಾನು ಎರಡು ತಿಂಗಳು ಬ್ಯಾಗನ್ನ ಹಾಲ್‌ನಲ್ಲಿ ತೆರೆದಿಟ್ಟಿದ್ದೆ. ಅದರೊಳಗೇ ಮಲಗೋದು ಅಭ್ಯಾಸ ಆದ್ಮೇಲೆ ಹೊರಟಿದ್ದು. ನಿದ್ದೆ ಮಾತ್ರೆ ಕೊಡಬೇಡಿ ಅಂತ ವೈದ್ಯರೇ ಹೇಳಿದ್ರು.

ಇನ್ನೊಂದು ನಿಯಮ ಯಾರಿಗೂ ಗೊತ್ತಿರಲ್ಲ. ಸಾಕುನಾಯಿ ತನ್ನ ಮಾಲೀಕರು ಪ್ರಯಾಣ ಮಾಡಿದ ಐದು ದಿನದ ಹಿಂದೆಮುಂದೆಯೇ ಹೋಗಬೇಕು. ಅಮ್ಮ ಹೋಗಿ ಎರಡೂವರೆ ತಿಂಗಳಾಗಿತ್ತು. ಕಾಗದ ನನ್ನ ಹೆಸರಲ್ಲಿ ಇದ್ದದ್ದರಿಂದ ಉಳಿದೆ.

ಮ್ಯೂನಿಕ್‌ನಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನ ರೆಡ್ ಚಾನೆಲ್. ರೀಡರ್ ಹಿಡಿದು ನಂಬರ್ ಓದಿದ್ರು, ಕಾಗದ ನೋಡಿದ್ರು, ಹತ್ತು ನಿಮಿಷ. ಊರಲ್ಲಿ ಮೆಟ್ರೋ, ಬಸ್ಸು, ಟ್ರಾಮ್‌ನಲ್ಲಿ ಒಬ್ಬರ ಜೊತೆ ಒಂದು ನಾಯಿ ಉಚಿತ. ಎಸ್ಕಲೇಟರ್‌ನಲ್ಲಿ ಎತ್ತಿಕೊಳ್ಳಿ, ಪಂಜ ಸಿಕ್ಕಿಕೊಳ್ಳುತ್ತೆ. ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಬಿಡ್ತಾರೆ, ಕೇಳಿ ಒಳಗೆ ಹೋದ್ರೆ ಆಯ್ತು. ಸೂಪರ್‌ಮಾರ್ಕೆಟ್‌ನಲ್ಲಿ ಇಲ್ಲ, ನಾವು ಹೊರಗಿರಬೇಕು ಅಂತ ನಾಯಿನೇ ಹೇಳೋ ತರ ಬಾಗಿಲಲ್ಲಿ ಚಿತ್ರ ಹಾಕಿರ್ತಾರೆ.

ಪುಟ್ಟನಿಗೆ ವಿಚಿತ್ರ ಅನಿಸಿದ್ದು ಬೇರೆ. ನಮ್ಮ ಬೀದೀಲಿ ಪ್ರತಿ ತಿರುವಿಗೂ ಒಂದು ಗ್ಯಾಂಗ್. ಅಲ್ಲಿ ಬೀದಿನಾಯಿ ಒಂದೂ ಇಲ್ಲ. ಮೊದಲ ಬೆಳಿಗ್ಗೆ ಮೂಲೆಗೆ ಹೋಗಿ ನಿಂತು, ಯಾರೂ ಬೊಗಳದೆ ಇರೋದು ನೋಡಿ ನನ್ನ ಮುಖ ನೋಡಿದ.

ಲೆಕ್ಕ

ಅಮ್ಮನ 90 ದಿನದಲ್ಲಿ ಪುಟ್ಟ ಅವರ ಜೊತೆ ಇದ್ದದ್ದು ಹತ್ತೇ ದಿನ. ಖರ್ಚು, ಎರಡು ಸಲದ ಪರೀಕ್ಷೆ ಸೇರಿ, ನನ್ನ ಟಿಕೆಟ್ ಬಿಟ್ಟು ಒಂದೂವರೆ ಲಕ್ಷ ದಾಟಿತು. ಬಿ.ಕಾಂ.ನಲ್ಲಿ ಸಂಕ್ ಕಾಸ್ಟ್ ಅಂತ ಓದಿದ್ದೆ: ಖರ್ಚಾದ ದುಡ್ಡಿನ ಮುಖ ನೋಡಿ ಮುಂದಿನ ನಿರ್ಧಾರ ಮಾಡಬಾರದು ಅಂತ. ನಾನು ಅದನ್ನೇ ಮಾಡಿದ್ನಾ ಅಂತ ಈಗ್ಲೂ ಯೋಚನೆ ಬರುತ್ತೆ. ಒಂದು ತಿಂಗಳಿಗಿಂತ ಕಡಿಮೆ ದಿನದ ಪ್ರವಾಸ ಆದ್ರೆ ನಾಯಿನ ನಂಬಿಕಸ್ಥರ ಮನೇಲಿ ಬಿಡಿ ಅನ್ನೋದೇ ನನ್ನ ಸಲಹೆ.

ಹೋಗೋದೇ ಆದ್ರೆ ಎರಡು ಮಾತು. ವಾಪಸ್ ಬರೋಕೂ ಎಕ್ಯೂಸಿಎಸ್‌ನಿಂದ ಮೊದಲೇ ಎನ್‌ಒಸಿ ಬೇಕು, ಅದನ್ನ ಹೊರಡೋ ಮುಂಚೆನೇ ವಿಚಾರಿಸಿ. ಇನ್ನೊಂದು, ಬೂಸ್ಟರ್ ಲಸಿಕೆ ಒಂದು ದಿನವೂ ತಪ್ಪದಂತೆ ಹಾಕಿಸಿದ್ರೆ, ಯುರೋಪಿನ ಮಟ್ಟಿಗೆ ಆ ರಕ್ತಪರೀಕ್ಷೆ ನಾಯಿ ಬದುಕಿರೋವರೆಗೂ ನಡೆಯುತ್ತೆ. ಬ್ರಿಟನ್ ಬೇರೆ, ಅಲ್ಲಿಗೆ ವಿಮಾನದಲ್ಲಿ ಸಾಕುನಾಯಿ ಕಾರ್ಗೋದಲ್ಲೇ ಹೋಗಬೇಕು. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿಗಳನ್ನ ಒಳಗೆ ಬಿಡಲ್ಲ.

ಪುಟ್ಟನ ಬೂಸ್ಟರ್ ಆಗಸ್ಟ್ 12ರೊಳಗೆ ಆಗಬೇಕು. ನನ್ನ ಫೋನ್‌ನಲ್ಲಿ ಅಲಾರಂ ಇದೆ. ಅಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲೂ ಕೆಂಪು ಪೆನ್ನಿನಲ್ಲಿ ಸುತ್ತಿಟ್ಟಿದ್ದಾರೆ, ಮೊಮ್ಮಗಳ ಹುಟ್ಟುಹಬ್ಬದ ಹಾಗೇನೇ.

ನಿಮ್ಮ ಪ್ರಶ್ನೆಗಳನ್ನ ಕಳಿಸಿ.